ಖರಾಬೆಂದು ಬರೆದ ಗುಡ್ಡಗಳು: ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ನೆಲವೂ ಪರಂಪರೆಯೂ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂಬ ಮೂರು ತಾಲ್ಲೂಕುಗಳ ಪಹಣಿ ಪತ್ರಿಕೆಗಳನ್ನು ತೆರೆದು ನೋಡಿದರೆ ಗುಡ್ಡ, ಬಂಡೆ, ಹಳ್ಳ, ಹಾಳುಕೋಟೆಯ ನೆಲ ಮೊದಲಾದುವುಗಳ ಎದುರಿಗೆ ‘ಖರಾಬು’ ಎಂಬ ಒಂದೇ ಮಾತನ್ನು ಬರೆದಿರುವುದು ಕಾಣಬರುತ್ತದೆ. ಕಂದಾಯದ ಲೆಕ್ಕಕ್ಕೆ ಆ ಮಾತು ಸರಿಯೇ. ಕೂರಿಗೆ ನಡೆಯದ ನೆಲದ ಮೇಲೆ ತೀರ್ವೆಯನ್ನು ಹಾಕುವುದು ನ್ಯಾಯವಲ್ಲ. ಆದರೆ ಗ್ರಾಮದ ಹಿರಿಯರೂ ಭೂಮಾಲೀಕರೂ ಲೆಕ್ಕದ ಈ ಮಾತನ್ನೇ ನೆಲದ ಯೋಗ್ಯತೆಯೆಂದು ಭಾವಿಸಿಬಿಟ್ಟರೆ ತಮ್ಮ ಸೀಮೆಯ ಅತ್ಯಂತ ಬೆಲೆಯುಳ್ಳ ಭಾಗವನ್ನು ತಾವೇ ಕಡೆಗಣಿಸಿದಂತಾಗುವುದು. ಈ ಸೀಮೆಯ ಚಿನ್ನವೂ, ನೀರೂ, ಚರಿತ್ರೆಯೂ ಬಂದಿರುವುದು ಖರಾಬು ನೆಲದಿಂದಲೇ. ಇದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ನಾಡನ್ನು ಪೂರ್ವದ ಶಾಸನಗಳು ‘ಎಡೆದೊರೆ ಎರಡುಸಾಸಿರ’ವೆಂದು ಕರೆದಿವೆ. ಎಡೆ ಎಂದರೆ ನಡುವು, ತೊರೆ ಎಂದರೆ ನದಿ. ಹೆಸರೇ ಭೂಗೋಳವನ್ನು ಹೇಳುತ್ತದೆ. ಲಿಂಗಸುಗೂರು ತಾಲ್ಲೂಕಿನ ಉತ್ತರದ ಎಲ್ಲೆ ಕೃಷ್ಣೆಯನ್ನು ಮುಟ್ಟಿದರೆ, ಸಿಂಧನೂರು ತಾಲ್ಲೂಕಿನ ದಕ್ಷಿಣದ ಎಲ್ಲೆ ತುಂಗಭದ್ರೆಯಲ್ಲಿ ಮುಗಿಯುತ್ತದೆ. 2018ರಲ್ಲಿ ಸುತ್ತಲಿನ ತಾಲ್ಲೂಕುಗಳ ಗ್ರಾಮಗಳನ್ನು ಕೂಡಿಸಿ ರಚಿತವಾದ ಮಸ್ಕಿ ತಾಲ್ಲೂಕು ಇವೆರಡರ ನಡುವೆ ಇರುತ್ತದೆ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಬರುವ ಪ್ರಯಾಣಿಕನು ಸುಮಾರು ನೂರು ಮೀಟರಿನಷ್ಟು ಕೆಳಗಿಳಿದಿರುತ್ತಾನೆ. ಇಳಿಜಾರು ಅಷ್ಟು ದೂರಕ್ಕೆ ಹರಡಿರುವುದರಿಂದ ಅವನಿಗೆ ಅದು ತಿಳಿಯುವುದಿಲ್ಲ. ನೀರಿಗೆ ಮಾತ್ರ ತಿಳಿದಿದೆ. ಮುಂದೆ ಹೇಳಲಿರುವ ಸಂಗತಿಗಳೆಲ್ಲಕ್ಕೂ ಈ ಇಳಿಜಾರೇ ಆಧಾರವಾದುದರಿಂದ ಇದನ್ನು ವಾಚಕರು ಮನಸ್ಸಿನಲ್ಲಿಡತಕ್ಕದ್ದು.

ಮಲೆನಾಡಿನ ಪರ್ವತಗಳನ್ನು ಕಂಡವರಿಗೆ ಈ ಗುಡ್ಡಗಳು ಗುಡ್ಡಗಳೆಂದೇ ತೋರಲಿಕ್ಕಿಲ್ಲ. ಇಲ್ಲಿ ಎರಡು ಜಾತಿಯ ಕಲ್ಲುಗಳುಂಟು. ಒಂದು, ಬೂದು ಅಥವಾ ನಸುಗೆಂಪು ಬಣ್ಣದ ಕಣಶಿಲೆ; ಮಸ್ಕಿ, ಮುದಗಲ್ಲುಗಳ ಬಳಿ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿರುವ ಗುಂಡುಗಳು ಈ ಜಾತಿಯವು. ಬಿಸಿಲಿಗೂ ಮಳೆಗೂ ಇದು ಪದರು ಪದರಾಗಿ ಬಿರಿದು ಮಸಾರಿ ಮಣ್ಣಾಗುತ್ತದೆ. ಇನ್ನೊಂದು, ಕಪ್ಪು ಹಸುರು ಛಾಯೆಯ ಪ್ರಾಚೀನ ಲಾವಾಶಿಲೆ. ಹಟ್ಟಿಯಿಂದ ಮಸ್ಕಿಯ ಕಡೆಗೆ ಬಾಗಿದ ಪಟ್ಟಿಯಂತೆ ಇದು ಹಬ್ಬಿದ್ದು, ಭೂವಿಜ್ಞಾನಿಗಳು ಇದನ್ನು ಹಟ್ಟಿ–ಮಸ್ಕಿ ಶಿಲಾಪಟ್ಟಿಯೆಂದು ಕರೆಯುತ್ತಾರೆ. ಇದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮಿಗಿಲು. ತಗ್ಗಿನ ಬಯಲಿಗೆ ಇಳಿದಂತೆ ಮಸಾರಿಯು ಕ್ರಮೇಣ ಎರೆಯಾಗಿ ಮಾರ್ಪಡುತ್ತದೆ. ಮೇಲಣ ಮಸಾರಿಯಲ್ಲಿ ಸಜ್ಜೆ, ನವಣೆ, ಹುರಳಿ. ಕೆಳಗಣ ಎರೆಯಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ, ಹತ್ತಿ. ನೀರಾವರಿ ಬರುವುದಕ್ಕೆ ಮೊದಲು ಇಡೀ ಸೀಮೆಯ ಬೇಸಾಯ ಹೀಗಿತ್ತು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅದೂ ಕೆಲವೇ ದಿನಗಳಲ್ಲಿ ಸುರಿದು ಹೋಗತಕ್ಕದ್ದು.

ಇಂಥ ನೆಲದಲ್ಲಿ ಮನುಷ್ಯನು ಮೊದಲು ನೆಲೆಯೂರಿದ್ದು ನದಿಯ ದಡದಲ್ಲಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಅಗೆದು ನೋಡಿದವರು ಕಂಡುದು ಬೇರೆ. ಮುದಗಲ್ಲಿನ ಸಮೀಪದ ಪಿಕಳಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಎಂಬ ವಿದ್ವಾಂಸರು 1950ರ ದಶಕದ ಆರಂಭದಲ್ಲಿ ಉತ್ಖನನ ನಡೆಸಿದರು. ಅದರ ವರದಿಯು 1960ರಲ್ಲಿ ಅಚ್ಚಾಯಿತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಜನರು ಗುಡ್ಡದ ಸಂದುಗಳಲ್ಲಿ, ಬಂಡೆಗಳ ನಡುವೆ ಮಣ್ಣು ತುಂಬಿ ಸಮ ಮಾಡಿದ ತಟ್ಟುಗಳ ಮೇಲೆ ವಾಸಿಸುತ್ತಿದ್ದರು. ಬಂಡೆಗಳ ಮೇಲೆ ಅವರು ಬಿಡಿಸಿದ ಚಿತ್ರಗಳಲ್ಲಿ ಹೆಚ್ಚಿನವು ಕೊಂಬು ಡುಬ್ಬಗಳುಳ್ಳ ಎತ್ತುಗಳವು. ಈ ಜನರು ದನಗಾಹಿಗಳು. ಅವರ ದೊಡ್ಡಿಗಳಲ್ಲಿ ಪೀಳಿಗೆಗಟ್ಟಲೆ ಕೂಡಿದ ಸಗಣಿಯನ್ನು ಸುಟ್ಟುದರಿಂದ ಉಂಟಾದ ಬೂದಿದಿಬ್ಬಗಳು ಕೃಷ್ಣಾ ತುಂಗಭದ್ರಾ ಸೀಮೆಯಲ್ಲಿ ಹಲವೆಡೆ ಉಳಿದಿವೆ. ದಕ್ಷಿಣದ ಇಂಥ ನೆಲೆಗಳಲ್ಲಿ ದೊರೆತ ಕರಿಕಾದ ಕಾಳುಗಳನ್ನು ಪರೀಕ್ಷಿಸಿದವರು ಹುರಳಿ, ಹೆಸರು, ಕೊರಲೆ ಮುಂತಾದ ಧಾನ್ಯಗಳನ್ನು ಗುರುತಿಸಿದ್ದಾರೆ. ಮಸಾರಿ ನೆಲದ ರೈತನು ಈಗಲೂ ಬಿತ್ತುವ ಹುರಳಿಯು ಇಲ್ಲಿ ಹೊರಗಿನಿಂದ ಬಂದ ಬೆಳೆಯಲ್ಲವೆಂಬುದನ್ನು ಗಮನಿಸಬೇಕು. ಬಡವರ ಕಾಳೆಂದು ಅದನ್ನು ಕೀಳ್ಗಳೆಯುವ ಶ್ರೀಮಂತ ಭೂಮಾಲೀಕರ ಮಾತಿಗೆ ನಾವು ಸಮ್ಮತಿಸಲಾರೆವು.

ಗುಡ್ಡದಲ್ಲಿ ವಾಸಿಸಲು ಕಾರಣವೇನೆಂಬುದು ಸ್ವಲ್ಪ ಯೋಚಿಸಿದರೆ ಹೊಳೆಯುತ್ತದೆ. ಬರಿಯ ಬಂಡೆಯ ಮೇಲೆ ಬಿದ್ದ ಮಳೆಯಲ್ಲಿ ಬಹುಭಾಗ ಇಂಗದೆ ಹರಿದು ಬಂಡೆಯ ಬುಡಕ್ಕೆ ಬಂದು ಸೇರುತ್ತದೆ. ಬುಡದಲ್ಲಿರುವ ಕೊಳೆತ ಕಲ್ಲಿನ ಪದರು ಆ ನೀರನ್ನು ಹಿಡಿದಿಡುತ್ತದೆ. ಆದುದರಿಂದ ಅಲ್ಪ ಮಳೆಯ ವರ್ಷದಲ್ಲಿಯೂ ಗುಡ್ಡದ ಬುಡದ ಹೊಂಡವು ಬಯಲಿನ ಬಾವಿಗಿಂತ ತಡವಾಗಿ ಬತ್ತುತ್ತದೆ. ಊರ ಕೆರೆಯನ್ನೂ ಸಿಹಿನೀರಿನ ಬಾವಿಯನ್ನೂ ಹಿರಿಯರು ಗುಡ್ಡಕ್ಕೆ ಒತ್ತಿ ತೆಗೆಸಿದುದಕ್ಕೆ ಇದೇ ಕಾರಣವಲ್ಲದೆ ಬೇರೆಯಲ್ಲ.

ಈಗ ಚಿನ್ನದ ವಿಷಯಕ್ಕೆ ಬರೋಣ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯು ಇಂಗ್ಲಿಷರು ತೆರೆದುದೆಂದು ಹಲವರು ತಿಳಿದಿರುವುದುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಿಜಾಮ ಸಂಸ್ಥಾನದ ಅನುಮತಿ ಪಡೆದು ಕಂಪೆನಿಯವರು ಅಲ್ಲಿಗೆ ಬಂದಾಗ ಹಳೆಯ ಗಣಿಗುಂಡಿಗಳು ಆಗಲೇ ಸುಮಾರು 640 ಅಡಿ ಆಳದವರೆಗೆ ಇಳಿದಿದ್ದುವು. ಅವುಗಳಲ್ಲಿ ದೊರೆತ ಮರದ ತುಂಡುಗಳ ಕಾಲವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನದೆಂದು ಪರೀಕ್ಷೆಯಿಂದ ತಿಳಿದುಬಂದಿದೆ. ಆಗ ಸಿಡಿಮದ್ದಿರಲಿಲ್ಲ. ಬಂಡೆಗೆ ಒತ್ತಿ ಕಟ್ಟಿಗೆಯನ್ನು ಉರಿಸಿ ಕಾಯಿಸುವುದು, ಮೇಲೆ ತಣ್ಣೀರನ್ನು ಸುರಿದು ಬಿರಿಸುವುದು, ಬಿರಿದ ಕಲ್ಲನ್ನು ಕಿತ್ತು ಮೇಲಕ್ಕೆ ಹೊತ್ತು ತರುವುದು, ಗಟ್ಟಿ ಬಂಡೆಯಲ್ಲಿ ಕೊರೆದ ಒರಳುಗಳಲ್ಲಿ ಕುಟ್ಟಿ ಪುಡಿಮಾಡುವುದು, ಪುಡಿಯನ್ನು ತೊಳೆದು ಚಿನ್ನವನ್ನು ತೆಗೆಯುವುದು. ಇದು ಅವರ ಕ್ರಮ. ಆರುನೂರು ಅಡಿ ಕಲ್ಲನ್ನು ಬೆಂಕಿಯಿಂದ ಇಳಿಸಬೇಕಾದರೆ ಎಷ್ಟು ಗಾಡಿ ಕಟ್ಟಿಗೆ ಉರಿದಿರಬೇಕು! ಈ ಗುಡ್ಡಗಳು ಹುಟ್ಟಿನಿಂದಲೇ ಬೋಳಾಗಿದ್ದುವೆಂದು ಹೇಳುವವರು ಈ ಲೆಕ್ಕವನ್ನು ಹಾಕಿ ನೋಡುವುದು ಒಳ್ಳೆಯದು.

ಇಂಗ್ಲಿಷ್ ಕಂಪೆನಿಯ ಕೆಲಸವು 1920ರಲ್ಲಿ ನಿಂತಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪೆನಿಯು ಸ್ಥಾಪಿತವಾಗಿ ಗಣಿಯು ಪುನಃ ಜೀವಗೊಂಡಿತು; ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಅದು ಕರ್ನಾಟಕದ ಪಾಲಿಗೆ ಬಂದು ಹಟ್ಟಿಯ ಹೆಸರನ್ನು ಹೊತ್ತಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ದೇಶದ ಪ್ರಮುಖ ಚಿನ್ನದ ಗಣಿಯೆಂದರೆ ಇದೇ. ವಂದಲಿ, ಊಟಿ, ಬುದ್ದಿನ್ನಿ ಮೊದಲಾದ ಗ್ರಾಮಗಳ ನೆಲದಲ್ಲಿಯೂ ಇದೇ ಶಿಲಾಪಟ್ಟಿಯ ಚಿನ್ನದ ಕುರುಹುಗಳುಂಟು.

ಚಿನ್ನವನ್ನು ಹುಡುಕಲು ಹೋದವನಿಗೆ ಒಮ್ಮೆ ಚಿನ್ನಕ್ಕಿಂತ ಹೆಚ್ಚಿನದು ದೊರೆಯಿತು. 1915ನೆಯ ಇಸವಿ ಜನವರಿ ತಿಂಗಳಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಗುಡ್ಡವನ್ನು ಸುತ್ತುತ್ತಿರುವಾಗ ಒಂದು ಬಂಡೆಯ ಮೇಲೆ ಅಪರಿಚಿತವಾದ ಅಕ್ಷರಗಳನ್ನು ಕಂಡನು. ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮೂಲಕ ಪ್ರಕಟಿಸಿದರು. ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ, ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ.

ಇದರ ಮಹತ್ತ್ವವನ್ನು ಅರಿಯಲು ಹಿಂದಿನ ಒಂದು ಸಂಗತಿಯನ್ನು ತಿಳಿದಿರಬೇಕು. ಜೇಮ್ಸ್ ಪ್ರಿನ್ಸೆಪ್ ಎಂಬಾತನು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದಾಗ, ದೇಶದ ಉದ್ದಗಲಕ್ಕೆ ಕಲ್ಲಿನಲ್ಲಿ ಕಂಡರಿಸಿದ ಆಜ್ಞೆಗಳೆಲ್ಲವೂ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳ ರಾಜನವೆಂದು ತಿಳಿಯಿತೇ ಹೊರತು ಆ ರಾಜನ ಸ್ವಂತ ಹೆಸರು ಎಲ್ಲಿಯೂ ದೊರೆಯಲಿಲ್ಲ. ಸಿಂಹಳದ ಪುರಾತನ ಚರಿತ್ರಗ್ರಂಥಗಳ ಆಧಾರದಿಂದ ಅವನು ಮೌರ್ಯ ಚಕ್ರವರ್ತಿ ಅಶೋಕನೆಂದು ಊಹಿಸಲಾಗಿತ್ತು. ಎಪ್ಪತ್ತೆಂಟು ವರ್ಷಗಳ ಆ ಊಹೆಯನ್ನು ಮಸ್ಕಿಯ ಬಂಡೆಯು ಒಂದೇ ಪದದಿಂದ ನಿಜಮಾಡಿತು. ಬಿರುದಿನ ಪಕ್ಕದಲ್ಲಿ ‘ಅಸೋಕ’ ಎಂಬ ಹೆಸರು ಅಲ್ಲಿತ್ತು. ಅನಂತರ ಇದೇ ಹೆಸರುಳ್ಳ ಶಾಸನಗಳು ಮಧ್ಯಪ್ರದೇಶದ ಗುಜ್ಜರದಲ್ಲಿಯೂ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳ್ಳಗಳಲ್ಲಿಯೂ ದೊರೆತುವು. ಆದರೆ ಮೊದಲನೆಯ ಸಾಕ್ಷಿ ಎಂಬ ಗೌರವವು ಮಸ್ಕಿಗೆ ಸಲ್ಲುತ್ತದೆ.

ಶಾಸನದ ತಾತ್ಪರ್ಯವನ್ನು ಗ್ರಾಮದ ಪ್ರಮುಖರು ಅವಶ್ಯವಾಗಿ ತಿಳಿಯತಕ್ಕದ್ದು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತೆಂದೂ, ಮೊದಮೊದಲು ಸಾಕಷ್ಟು ಪ್ರಯತ್ನ ಮಾಡಲಿಲ್ಲವೆಂದೂ ಅರಸನು ಹೇಳಿಕೊಂಡಿದ್ದಾನೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದೆಂದು ಯಾರೂ ತಿಳಿಯಬಾರದು, ಪ್ರಯತ್ನಿಸಿದರೆ ಅಲ್ಪನಿಗೂ ಅದು ಸಾಧ್ಯ, ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅವನ ಆಜ್ಞೆ. ಪಾಟಲೀಪುತ್ರದಲ್ಲಿ ಕುಳಿತ ಚಕ್ರವರ್ತಿಯು ಈ ಮಾತನ್ನು ಈ ದೂರದ ಗುಡ್ಡದ ಮೇಲೆ ಬರೆಯಿಸಲು ಕಾರಣವೇನು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಹಾಗೂ ಮಹಾಮಾತ್ರರ ಮೂಲಕ ಬಂದುದಾಗಿ ಹೇಳುತ್ತದೆ. ಆ ಸುವರ್ಣಗಿರಿಯು ಮಸ್ಕಿಯೇ ಎಂದು ಕೆಲವರೂ, ಕನಕಗಿರಿಯೆಂದು ಕೆಲವರೂ, ಆಂಧ್ರದ ಜೊನ್ನಗಿರಿಯೆಂದು ಮತ್ತೆ ಕೆಲವರೂ ವಾದಿಸುತ್ತಾರೆ. ವಾದವು ಹೇಗೇ ತೀರ್ಮಾನವಾಗಲಿ, ಚಿನ್ನದ ನೆಲದಲ್ಲಿ ಜನರು ಕಿಕ್ಕಿರಿದಿದ್ದರೆಂಬುದೂ ಓದಿ ಹೇಳಲು ಅಧಿಕಾರಿಗಳಿದ್ದರೆಂಬುದೂ ಸ್ಪಷ್ಟ. 1954ರಲ್ಲಿ ಭಾರತದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ಅಗೆದಾಗ ನವಶಿಲಾಯುಗದಿಂದ ಆರಂಭಿಸಿ ಬೃಹತ್ ಶಿಲಾಸಮಾಧಿಗಳ ಕಾಲ, ಇತಿಹಾಸದ ಆರಂಭಕಾಲ, ಮಧ್ಯಕಾಲ ಎಂದು ನಾಲ್ಕು ಕಾಲಗಳ ವಸತಿಯು ಒಂದರ ಮೇಲೊಂದು ಕಾಣಬಂದಿತು.

ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಊರಿಗೆ ‘ಪಿರಿಯ ಮೊಸಂಗಿ’ ಎಂದು ಹೆಸರು. ಚೋಳ ರಾಜೇಂದ್ರನು ಚಾಲುಕ್ಯ ಜಯಸಿಂಹನನ್ನು ಸೋಲಿಸಿದುದಾಗಿ ಹೇಳಿಕೊಂಡ ‘ಮುಸಂಗಿ’ಯೂ ಇದೇ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ಗುಡ್ಡದ ನೆತ್ತಿಯಲ್ಲಿ ಮಲ್ಲಿಕಾರ್ಜುನನ ದೇವಾಲಯವಿದ್ದು ಸುತ್ತಲಿನ ಗ್ರಾಮಗಳ ಜನರು ಮೆಟ್ಟಿಲೇರಿ ದರ್ಶನ ಪಡೆಯುತ್ತಾರೆ. ಅಶೋಕನ ಬಂಡೆಯನ್ನು ನೋಡುವವರ ಸಂಖ್ಯೆ ಇದಕ್ಕಿಂತ ಬಹಳ ಕಡಮೆ.

ಮಧ್ಯಕಾಲದ ಯುದ್ಧಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಬಹಮನಿ ಸುಲ್ತಾನರಿಗೂ ವಿಜಯನಗರಕ್ಕೂ, ತರುವಾಯ ವಿಜಾಪುರದ ಆದಿಲಶಾಹಿಗಳಿಗೂ ವಿಜಯನಗರಕ್ಕೂ ಈ ಎಡೆದೊರೆ ಸೀಮೆಯು ಇನ್ನೂರು ವರ್ಷಗಳ ಕಾಲ ಕೈಯಿಂದ ಕೈಗೆ ಹೋಯಿತು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಚೆಲುವೆಯಾದ ಮಗಳು ಕಾರಣಳಾದಳೆಂದು ಫಿರಿಸ್ತಾ ಬರೆದಿದ್ದಾನೆ. ಕಥೆ ರಮ್ಯವಾಗಿದೆ; ಆದರೆ ಎರಡು ನದಿಗಳ ನಡುವಣ ಎರೆನೆಲದ ಕಂದಾಯವೂ ಗುಡ್ಡದ ಚಿನ್ನವೂ ಇಲ್ಲದಿದ್ದರೆ ಅಕ್ಕಸಾಲಿಗನ ಮಗಳಿಗಾಗಿ ಇಬ್ಬರು ಅರಸರು ಸೈನ್ಯ ನಡೆಸುತ್ತಿದ್ದರೆಂಬುದು ನಂಬತಕ್ಕ ಮಾತಲ್ಲ. 1520ರಲ್ಲಿ ರಾಯಚೂರಿನ ಬಳಿ ಕೃಷ್ಣದೇವರಾಯನು ಜಯಗಳಿಸಿದನು. 1565ರ ಯುದ್ಧದಿಂದ ಸೀಮೆಯು ವಿಜಾಪುರದ ವಶವಾಯಿತು. ಮುದಗಲ್ಲಿನ ಕೋಟೆಯು ಕಂದಕ ಮತ್ತು ಎರಡು ಸುತ್ತಿನ ಗೋಡೆಗಳೊಡನೆ ಇಂದಿಗೂ ನಿಂತಿದೆ. ಕಟ್ಟಿದವರು ಅಲ್ಲಿನ ಬಂಡೆಗುಡ್ಡವನ್ನೇ ಗೋಡೆಯ ಭಾಗವಾಗಿ ಮಾಡಿಕೊಂಡುದು ನೋಡತಕ್ಕ ಜಾಣ್ಮೆ. ಅದೇ ಊರಿನಲ್ಲಿ ಹದಿನಾರನೆಯ ಶತಮಾನದಷ್ಟು ಹಿಂದಿನ ಮೂಲವುಳ್ಳ ಕ್ರೈಸ್ತರ ದೇವಾಲಯವೂ, ಸರ್ವಜಾತಿಯವರೂ ಸೇರುವ ಮೊಹರಮ್ಮಿನ ಉತ್ಸವವೂ ಉಂಟು. ಕೃಷ್ಣೆಯ ನಡುಗಡ್ಡೆಯ ಮೇಲಿನ ಜಲದುರ್ಗವನ್ನು ನೋಡದವರು ಒಮ್ಮೆ ನೋಡಬೇಕು. ಅಲ್ಲಿ ನದಿಯು ದಖ್ಖನಿನ ಪೀಠಭೂಮಿಯಿಂದ ಕೆಳಗಿನ ಬಯಲಿಗೆ ಸುಮಾರು ಮೂರು ಮೈಲಿಗಳಲ್ಲಿ ನಾನೂರು ಅಡಿಗಳಷ್ಟು ಬಂಡೆಗಳ ನಡುವೆ ಇಳಿಯುತ್ತದೆ.

ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿಯಿತ್ತು. 1905ರಲ್ಲಿ ರಾಯಚೂರಿಗೆ ಸೇರಿಸುವವರೆಗೆ ಅದು ಸ್ವತಃ ಒಂದು ಜಿಲ್ಲೆಯ ಮುಖ್ಯ ಪಟ್ಟಣವಾಗಿತ್ತು. ಆ ಜಿಲ್ಲೆಯ ಕಾಲದಲ್ಲಿಯೇ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ದಖ್ಖನವನ್ನು ಬಡಿಯಿತು. ಎರೆಯ ನೆಲದಲ್ಲಿ ಮಳೆ ತಪ್ಪಿದರೆ ಎರಡನೆಯ ಆಸರೆಯಿಲ್ಲವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಹಗೇವುಗಳಲ್ಲಿ ಜೋಳವನ್ನು ತುಂಬಿಟ್ಟ ಮನೆಗಳಿಗೂ ಹಗೇವು ಬರಿದಾದ ಮೇಲೆ ದಾರಿಯಿರಲಿಲ್ಲ. ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟಬೇಕೆಂಬ ಆಲೋಚನೆಯ ಹಿಂದೆ ಈ ಸೀಮೆಯೂ ನದಿಯ ಆಚೆಯ ಬಳ್ಳಾರಿ ಸೀಮೆಯೂ ಅನುಭವಿಸಿದ ಇಂಥ ಬರಗಳೇ ಇದ್ದುವು.

1945ನೆಯ ಫೆಬ್ರವರಿ 28ರಂದು ಹೈದರಾಬಾದು ಮತ್ತು ಮದರಾಸು ಸರ್ಕಾರಗಳು ಜಂಟಿಯಾಗಿ ಅಣೆಕಟ್ಟಿಗೆ ಅಸ್ತಿಭಾರವನ್ನು ಹಾಕಿದುವು. 1953ರಲ್ಲಿ ಕಾಲುವೆಗೆ ನೀರು ಬಂದಿತು. ಎಡದಂಡೆಯ ಕಾಲುವೆಯು ಸುಮಾರು 227 ಕಿಲೋಮೀಟರು ಉದ್ದಕ್ಕೆ ಗಂಗಾವತಿ, ಸಿಂಧನೂರು, ಮಾನವಿಗಳ ಮೇಲೆ ರಾಯಚೂರಿನ ಕಡೆಗೆ ಹರಿಯುತ್ತದೆ. ಇದನ್ನು ಯೋಜಿಸಿದವರ ಉದ್ದೇಶವು ಬರದಿಂದ ರಕ್ಷಣೆ. ಸ್ವಲ್ಪ ನೀರನ್ನು ಬಹಳ ನೆಲಕ್ಕೆ ಹಂಚಿ, ಜೋಳ, ಹತ್ತಿ, ಶೇಂಗಾ ಮೊದಲಾದ ಹಗುರ ನೀರಾವರಿಯ ಬೆಳೆಗಳನ್ನು ಬೆಳೆಯಿಸಿ, ಭತ್ತಕ್ಕೆ ಅಲ್ಪ ಭಾಗವನ್ನು ಮಾತ್ರ ಗೊತ್ತುಮಾಡಿದ್ದರು. ಆದರೆ ನಡೆದುದು ಬೇರೆ. ಕರಾವಳಿ ಆಂಧ್ರದಿಂದ ಭತ್ತದ ಬೇಸಾಯವನ್ನು ಚೆನ್ನಾಗಿ ಬಲ್ಲ ಕುಟುಂಬಗಳು ಬಂದು ನೆಲವನ್ನು ಕೊಂಡು, ಮಡಿ ಸಮಮಾಡಿ ನಾಟಿ ಹಾಕಿದುವು. ಅವರ ವಸತಿಗಳಿಗೆ ‘ಕ್ಯಾಂಪು’ ಎಂಬ ಹೆಸರು ಈಗಲೂ ಅಂಟಿಕೊಂಡಿದೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರಿನ ಬಳಿ ಪುನರ್ವಸತಿಯನ್ನು ಕಲ್ಪಿಸಲಾಯಿತು. ಜೋಳದ ಸೀಮೆಯು ಒಂದೇ ತಲೆಮಾರಿನಲ್ಲಿ ಭತ್ತದ ಕಣಜವಾಯಿತು. ಈ ಶ್ರಮವನ್ನು ನಾವು ಕೀಳ್ಮಾಡುವುದಿಲ್ಲ. ಸಿಂಧನೂರಿನ ಐಶ್ವರ್ಯವೆಲ್ಲವೂ ಅದರಿಂದಲೇ ಬಂದುದು.

ಆದರೆ ಎರೆಯ ಮಣ್ಣಿನ ಸ್ವಭಾವವು ಭತ್ತಕ್ಕಾಗಿ ಬದಲಾಗುವುದಿಲ್ಲ. ಅದರಲ್ಲಿ ಜೇಡಿ ಅಂಶ ಅಧಿಕ. ನೀರು ಒಳಗೆ ಹೋದರೆ ಬಹು ನಿಧಾನವಾಗಿ ಕೆಳಗಿಳಿಯುತ್ತದೆ. ವರ್ಷಕ್ಕೆ ಎರಡು ಬಾರಿ ಮಡಿಯಲ್ಲಿ ನೀರು ನಿಲ್ಲಿಸಿದಾಗ ಅಂತರ್ಜಲವು ಮೇಲೇರುತ್ತ ಬೇರಿನ ಮಟ್ಟಕ್ಕೆ ಬರುತ್ತದೆ. ಶಿಲೆಯು ಕೊಳೆತು ಮಣ್ಣಾಗುವಾಗ ಬಿಟ್ಟ ಲವಣಗಳನ್ನು ತೊಳೆದು ಒಯ್ಯುವಷ್ಟು ಮಳೆ ಈ ಸೀಮೆಯಲ್ಲಿ ಎಂದೂ ಬಿದ್ದುದಿಲ್ಲ. ಆದುದರಿಂದ ಅವು ಮಣ್ಣಿನ ಒಡಲಲ್ಲಿಯೇ ಇದ್ದುವು. ಮೇಲೇರಿದ ನೀರಿನೊಡನೆ ಅವೂ ಮೇಲೇರಿ, ಬಿಸಿಲಿಗೆ ನೀರು ಆರಿದ ಮೇಲೆ ನೆಲದ ಮೇಲೆ ಬಿಳಿಯ ಹಿಟ್ಟಿನಂತೆ ಉಳಿಯುತ್ತವೆ. ಮೊದಲು ಜವುಳು, ಆಮೇಲೆ ಸವುಳು. ತಗ್ಗಿನ ಮಡಿಗಳಲ್ಲಿ ಮೊದಲ ವರ್ಷ ಪೈರು ತೇಪೆ ತೇಪೆಯಾಗಿ ಕೆಡುತ್ತದೆ, ಬಳಿಕ ಇಳುವರಿ ಅರ್ಧವಾಗುತ್ತದೆ, ಕೊನೆಗೆ ನೆಲವು ಬೀಳು ಬೀಳುತ್ತದೆ. ಹೀಗೆ ಒಳ್ಳೆಯ ಎರೆಯೇ ಖರಾಬಾಗುತ್ತದೆ. ಈ ಖರಾಬನ್ನು ಮಾತ್ರ ಯಾವ ಪಹಣಿಯೂ ಮೊದಲೇ ಬರೆದಿಟ್ಟಿರುವುದಿಲ್ಲ.

ಇಲ್ಲಿಯೇ ಗುಡ್ಡ ಹಳ್ಳಗಳ ಮಾತು ಮತ್ತೆ ಬರುತ್ತದೆ. ಮೇಲಿನಿಂದ ಬಂದ ನೀರನ್ನು ತುಂಗಭದ್ರೆಗೆ ಮುಟ್ಟಿಸಲು ಪ್ರಕೃತಿಯು ಮಸ್ಕಿ ಹಳ್ಳ, ಸಿಂಧನೂರು ಹಳ್ಳ ಮತ್ತು ಅವುಗಳನ್ನು ಕೂಡುವ ನೂರಾರು ಸಣ್ಣ ಸರುವುಗಳನ್ನು ಕೊಟ್ಟಿದೆ. ಬರಿಯ ಮಳೆಗಾಲದಲ್ಲಿ ಹರಿಯುತ್ತಿದ್ದ ಹಳ್ಳಗಳು ಕಾಲುವೆಯ ಬಸಿನೀರಿನಿಂದ ಈಗ ಬೇಸಗೆಯಲ್ಲಿಯೂ ಹರಿಯುವುದುಂಟು. ಅಂದರೆ ಅವು ಭೂಮಿಯ ಉಪ್ಪನ್ನು ಹೊರಗೆ ಸಾಗಿಸುವ ಬಸಿಗಾಲುವೆಗಳಾಗಿವೆ. ಆದರೆ ಮಡಿಯನ್ನು ಹಿಗ್ಗಿಸುವ ಆಸೆಯಿಂದ ಸಣ್ಣ ಸರುವುಗಳನ್ನು ಮುಚ್ಚಿ ಉತ್ತವರು ಎಷ್ಟೋ ಮಂದಿ. ಒಂದು ಸರುವನ್ನು ಮುಚ್ಚಿದವನಿಗೆ ಹತ್ತು ಗುಂಟೆ ದೊರೆಯಬಹುದು. ಮೇಲಿನ ನೆರೆಯವನಿಗೆ ಎರಡು ಎಕರೆ ಜವುಳಾಗುತ್ತದೆ. ಕಂದಾಯ ನಿಯಮದಲ್ಲಿ ಖರಾಬಿಗೆ ಎರಡು ವಿಧಗಳಿರುವುದನ್ನು ಭೂಮಾಲೀಕರು ಬಲ್ಲರು. ಸಾಗುವಳಿಗೆ ಯೋಗ್ಯವಲ್ಲದ್ದು ‘ಅ’ ಖರಾಬು. ದಾರಿ, ಹಳ್ಳ, ಕೆರೆ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕಿರುವುದು ‘ಬ’ ಖರಾಬು. ಹಳ್ಳವನ್ನು ಉತ್ತುಕೊಳ್ಳುವುದಕ್ಕೆ ಪಕ್ಕದ ಜಮೀನಿನವನಿಗೆ ಹಕ್ಕಿಲ್ಲ. ಗ್ರಾಮದಲ್ಲಿ ಇಂಥ ತಕರಾರು ಎದ್ದಾಗ ಹಿರಿಯರು ದಾಕ್ಷಿಣ್ಯಕ್ಕೆ ಒಳಗಾಗದೆ ಸರ್ವೆ ನಕ್ಷೆಯನ್ನು ತರಿಸಿ ಹಳ್ಳದ ಅಂಚನ್ನು ಗೊತ್ತುಮಾಡಿಸತಕ್ಕದ್ದು.

ಕೆಟ್ಟ ನೆಲವನ್ನು ತಿದ್ದುವ ಉಪಾಯವಿಲ್ಲದಿಲ್ಲ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಗಂಗಾವತಿಯ ಸಂಶೋಧನಾ ಕೇಂದ್ರವು ಸವುಳು ಭೂಮಿಯ ಸಂಶೋಧನೆಯನ್ನು ನಡೆಸಿಕೊಂಡು ಬಂದಿದೆ. ನೆಲದೊಳಗೆ ಸುಮಾರು ಒಂದು ಮೀಟರು ಆಳದಲ್ಲಿ ರಂಧ್ರವುಳ್ಳ ಕೊಳವೆಗಳನ್ನು ಸಾಲಾಗಿ ಹೂತು ಬಸಿನೀರನ್ನು ಹಳ್ಳಕ್ಕೆ ಬಿಟ್ಟರೆ ಕೆಲವು ಹಂಗಾಮುಗಳಲ್ಲಿ ಉಪ್ಪು ತೊಳೆದು ಹೋಗುತ್ತದೆ. ಆದರೆ ಆ ಹಳ್ಳವೇ ಮುಚ್ಚಿದ್ದರೆ ಕೊಳವೆಯ ನೀರು ಹೋಗುವುದೆಲ್ಲಿಗೆ? ಕ್ಷಾರದ ಅಂಶ ಪ್ರಬಲವಾಗಿದ್ದಲ್ಲಿ ಮಣ್ಣನ್ನು ಪರೀಕ್ಷಿಸಿದ ಬಳಿಕ ಜಿಪ್ಸಂ ಹಾಕುವುದೂ, ಡಯಾಂಚವನ್ನು ಬಿತ್ತಿ ಹೂಬಿಡುವ ಮೊದಲು ಹಸಿರೆಲೆ ಗೊಬ್ಬರವಾಗಿ ಉಳುವುದೂ ಗುಣಕಾರಿ. ಭತ್ತವನ್ನೇ ಬೆಳೆಯುವವರು ಕೂರಿಗೆಯಿಂದ ನೇರವಾಗಿ ಬಿತ್ತಿ ನೀರನ್ನು ಉಳಿಸಬಹುದು. ಎರಡನೆಯ ಫಸಲಿಗೆ ಜೋಳ ಅಥವಾ ಕಡಲೆಯನ್ನು ಹಾಕಿದರೆ ನೆಲಕ್ಕೆ ಉಸಿರಾಡಲು ಅವಕಾಶವಾಗುತ್ತದೆ.

ನೀರೂ ಮೊದಲಿನಷ್ಟಿಲ್ಲ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯವು ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿರುತ್ತದೆ. 2024ನೆಯ ಆಗಸ್ಟ್ 10ರ ರಾತ್ರಿ 33 ಬಾಗಿಲುಗಳಲ್ಲಿ 19ನೆಯದು ಕೊಚ್ಚಿಹೋದಾಗ ಕಾಲುವೆಯ ಕೊನೆಯವರೆಗೆ ಎಲ್ಲ ರೈತರೂ ಒಂದು ವಾರ ನಿದ್ರೆಯಿಲ್ಲದೆ ಕಳೆದರು. ಕಾಲುವೆಯ ಮೇಲ್ಭಾಗದವನು ಭತ್ತಕ್ಕೆ ನಿಲ್ಲಿಸಿಕೊಂಡ ನೀರು ತುದಿಯ ಮಾನವಿ, ರಾಯಚೂರುಗಳ ರೈತನ ಜೋಳಕ್ಕೆ ಮುಟ್ಟದೆ ಹೋಗುವುದು ಹಳೆಯ ದೂರು. ಇನ್ನು ಎತ್ತರದ ಮಸ್ಕಿ ಭಾಗಕ್ಕೆ ಈ ಕಾಲುವೆಯು ಏರಲಾರದು. ಉತ್ತರದಿಂದ, 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆಯು ಲಿಂಗಸುಗೂರು, ದೇವದುರ್ಗಗಳ ಕಡೆಗೆ ಹರಿದರೂ ನಡುವಣ ದಿಣ್ಣೆಯ ಹಲವು ಗ್ರಾಮಗಳು ಎರಡಕ್ಕೂ ಹೊರಗುಳಿದಿವೆ. 2020ರ ಕೊನೆಯಿಂದ ಪಾಮನಕಲ್ಲೂರಿನಲ್ಲಿ ರೈತರು 5ಎ ಶಾಖಾ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕುಳಿತುದನ್ನು ಓದುಗರು ಬಲ್ಲರು. ಎರಡು ಮಹಾನದಿಗಳ ನಡುವೆ ಇದ್ದೂ ಬಾಯಾರಿರುವುದು ಭೂಗೋಳದ ವಿನೋದವಲ್ಲ. ಅಲ್ಲಿಯ ಗೃಹಸ್ಥನಿಗೆ ಅದು ಬೇಸಗೆ ಬಂದೊಡನೆ ಮಕ್ಕಳನ್ನು ಕರೆದುಕೊಂಡು ದೂರದ ಪಟ್ಟಣಗಳಿಗೆ ಕೂಲಿಗೆ ಹೊರಡುವ ಪ್ರಶ್ನೆ.

ಈ ದಿಣ್ಣೆಯ ಗ್ರಾಮಗಳಿಗೆ ಕಾಲುವೆ ಬರುವವರೆಗೆ, ಬಂದ ಮೇಲೂ, ಗುಡ್ಡವೇ ಆಧಾರ. ಗುಡ್ಡದ ಬುಡದಲ್ಲಿ ಸಮಪಾತಳಿಗೆ ಬದುಗಳನ್ನು ಹಾಕಿದರೆ, ಹೊಂಡಗಳ ಹೂಳನ್ನು ತೆಗೆದು ಮಸಾರಿ ಹೊಲಗಳಿಗೆ ಚೆಲ್ಲಿದರೆ, ಕೆರೆಗೆ ನೀರು ತರುವ ಸರುವುಗಳನ್ನು ಬಿಡಿಸಿದರೆ ಹಿಂದಿನವರು ಪಡೆದಷ್ಟು ನೀರು ಇಂದಿಗೂ ದೊರೆಯತಕ್ಕದ್ದು. ಗುಂಡುಗಳನ್ನು ಒಡೆದು ಜಲ್ಲಿ ಮಾಡುವ ಕಲ್ಲುಗಣಿಗೆ ಪರವಾನಗಿಯನ್ನು ಯಾರಾದರೂ ಕೇಳಿದಾಗ, ಆ ಗುಡ್ಡದ ನೀರು ಯಾವ ಕೆರೆಗೆ ಇಳಿಯುತ್ತದೆಂಬುದನ್ನು ಗ್ರಾಮಸಭೆಯಲ್ಲಿ ಮೊದಲು ವಿಚಾರಿಸಬೇಕು. ಒಡೆದ ಗುಡ್ಡವು ಮತ್ತೆ ಹುಟ್ಟುವುದಿಲ್ಲ. ಒಡೆದ ಬಂಡೆಯ ಮೇಲೆ ಯಾರ ಚಿತ್ರವಿತ್ತು, ಯಾವ ಅಕ್ಷರವಿತ್ತು ಎಂಬುದೂ ತಿಳಿಯುವುದಿಲ್ಲ. ಮಸ್ಕಿಯ ಶಾಸನವು 1915ರವರೆಗೆ ವಿದ್ವಾಂಸರ ಕಣ್ಣಿಗೆ ಬೀಳದೆ ಇದ್ದುದನ್ನು ನೆನೆದರೆ ಮಿಕ್ಕ ಗುಡ್ಡಗಳಲ್ಲಿ ಏನೂ ಇಲ್ಲವೆಂದು ಹೇಳುವ ಧೈರ್ಯವು ಯಾರಿಗೂ ಬರಬಾರದು.

ಕಾನೂನಿನ ಒಂದು ಅಂಶವು ಭೂಮಾಲೀಕರಿಗೆ ತಿಳಿದಿರಲಿ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ ಅದಕ್ಕೆ 2010ರಲ್ಲಿ ಮಾಡಿದ ತಿದ್ದುಪಡಿಯೂ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರು ದೂರದವರೆಗೆ ಹೊಸ ಕಟ್ಟಡವನ್ನು ನಿಷೇಧಿಸಿವೆ. ಅದರಾಚೆಗೆ ಇನ್ನೂ 200 ಮೀಟರು ದೂರದವರೆಗೆ ಅನುಮತಿಯಿಲ್ಲದೆ ಕಟ್ಟತಕ್ಕದ್ದಲ್ಲ. ಹೊಲ ಉಳುವಾಗ, ಬಾವಿ ತೋಡುವಾಗ ಅಥವಾ ಮಡಿ ಸಮಮಾಡುವಾಗ ಅಕ್ಷರವುಳ್ಳ ಕಲ್ಲು, ಹಳೆಯ ನಾಣ್ಯ, ಮಣಿ, ಬೂದಿಯ ದಿಬ್ಬ ಕಂಡರೆ ಅದನ್ನು ಕದಲಿಸದೆ ತಹಸೀಲ್ದಾರರಿಗೆ ಬರೆದು ತಿಳಿಸಬೇಕು. ಬೂದಿದಿಬ್ಬದ ಮಣ್ಣನ್ನು ಗೊಬ್ಬರವೆಂದು ಗಾಡಿಗಟ್ಟಲೆ ಹೊಲಕ್ಕೆ ಹೇರುವ ವಾಡಿಕೆ ಎಲ್ಲಿಯಾದರೂ ಇದ್ದರೆ ನಿಲ್ಲಿಸತಕ್ಕದ್ದು. ಅದರಿಂದ ಒಂದು ವರ್ಷದ ಪೈರಿಗೆ ಆಗುವ ಲಾಭ ಅತ್ಯಲ್ಪ.

ಹಳ್ಳ ಸರುವುಗಳನ್ನು ನೋಡಲು ತಕ್ಕ ಕಾಲವೆಂದರೆ ವೈಶಾಖ. ಆಗ ಮಡಿಗಳು ಒಣಗಿರುತ್ತವೆ, ಬಿಳಿಯ ಉಪ್ಪಿನ ತೇಪೆಗಳು ಸ್ಪಷ್ಟವಾಗಿ ಕಾಣುತ್ತವೆ. ಗ್ರಾಮದ ಪ್ರಮುಖರು ಸರ್ವೆ ನಕ್ಷೆಯೊಡನೆ ಗುಡ್ಡದ ಬುಡದಿಂದ ಹೊರಟು, ನೀರು ಇಳಿಯುವ ದಾರಿಯಲ್ಲಿಯೇ ದೊಡ್ಡ ಹಳ್ಳದವರೆಗೆ ನಡೆದು, ಮುಚ್ಚಿದ ಸರುವುಗಳನ್ನು ಸರ್ವೆ ನಂಬರಿನೊಡನೆ ಬರೆದುಕೊಂಡು, ಮುಂಗಾರಿನ ಮೊದಲ ಮಳೆಗೆ ಮುಂಚೆ ಅವುಗಳನ್ನು ಬಿಡಿಸತಕ್ಕದ್ದು. ಮಣ್ಣಿನ ಮಾದರಿಯನ್ನು ಸಹ ಆಗಲೇ ತೆಗೆದು ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸಬಹುದು. ಒಂದೇ ಹೊಲದ ದಿಣ್ಣೆಯ ಮಣ್ಣನ್ನೂ ತಗ್ಗಿನ ಮಣ್ಣನ್ನೂ ಬೇರೆ ಬೇರೆ ಚೀಲಗಳಲ್ಲಿ ಕಟ್ಟಿ ಗುರುತು ಹಾಕತಕ್ಕದ್ದು.